ಬಾಗಿಲ ಬಣ್ಣವನ್ನರಸುತ್ತ ಮೈಸೂರಿಗೆ

ಮನೆಗೆ ಬಣ್ಣ ಮಾಡಿಸಹೊರಟ ಗೃಹಸ್ಥನು ಗೋಡೆಗಳ ವಿಷಯವಾಗಿ ಹತ್ತು ದಿನ ಆಲೋಚಿಸುವನು. ಬಾಗಿಲುಗಳ ವಿಷಯವಾಗಿ ಹತ್ತು ನಿಮಿಷವನ್ನೂ ವ್ಯಯಮಾಡನು. “ಗೋಡೆಗೆ ಒಪ್ಪುವಂತಹುದು ಯಾವುದಾದರೊಂದನ್ನು ಬಳಿದುಬಿಡು” ಎಂದು ಕೆಲಸದವನಿಗೆ ಹೇಳಿ ತನ್ನ ದಾರಿ ಹಿಡಿಯುವನು. ಆದರೆ ವಿಚಾರಮಾಡಿ ನೋಡಿದರೆ, ಗೋಡೆಯನ್ನು ನಾವು ದಿನಕ್ಕೆಷ್ಟು ಸಲ ಮುಟ್ಟುತ್ತೇವೆ? ಬಾಗಿಲನ್ನಾದರೋ, ಬೆಳಗ್ಗೆ ಅಗುಳಿ ತೆಗೆಯುವುದರಿಂದ ಹಿಡಿದು ರಾತ್ರಿ ಚಿಲಕ ಹಾಕುವವರೆಗೆ, ಒದ್ದೆಗೈಯಿಂದಲೂ ಎಣ್ಣೆಗೈಯಿಂದಲೂ ಹಿಟ್ಟಿನ ಕೈಯಿಂದಲೂ ಲೆಕ್ಕವಿಲ್ಲದಷ್ಟು ಸಲ ಮುಟ್ಟುತ್ತೇವೆ. ಗೋಡೆಯು ಕಣ್ಣಿನ ವಸ್ತು. ಕದ, ಬಾಗಿಲವಾಡ, ಕಿಟಕಿಯ ಚೌಕಟ್ಟು, ಹೊಸ್ತಿಲು ಇವು ಕೈಯ ವಸ್ತುಗಳು. ಕಣ್ಣಿಗಾಗಿ ಆರಿಸುವ ಬಣ್ಣಕ್ಕೂ ಕೈಗಾಗಿ ಆರಿಸುವ ಬಣ್ಣಕ್ಕೂ ಬಹಳ ಅಂತರವುಂಟು. ಈ ಅಂತರವು ನಮಗೆ ಚೆನ್ನಾಗಿ ಮನದಟ್ಟಾದುದು ಬೆಂಗಳೂರಿನಿಂದ ಮೈಸೂರಿಗೆ ಮಾಡಿದ ಒಂದು ಸಣ್ಣ ಪ್ರಯಾಣದಲ್ಲಿ. ಅದರ ವೃತ್ತಾಂತವನ್ನು ಮನೆವಾರ್ತೆಯುಳ್ಳ ವಾಚಕರ ಮುಂದೆ ಇಡುತ್ತಿದ್ದೇವೆ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಸೋದರತ್ತೆಯವರ ಮನೆಯಿದೆ. ಮಂಗಳೂರು ಹೆಂಚಿನ ಮಾಡು, ನಡುವೆ ಸಣ್ಣದೊಂದು ತೊಟ್ಟಿ, ಕೆಂಪು ಗಾರೆಯ ನೆಲ, ನಡುಮನೆಗೆ ತೆರೆಯುವ ಐದು ಬಾಗಿಲುಗಳು. ಅತ್ತೆಯವರ ಮೊಮ್ಮಗಳು ತನ್ನ ಹತ್ತು ತಿಂಗಳ ಕೂಸನ್ನು ಕರೆದುಕೊಂಡು ದಸರೆಗೆ ಬರುವವಳಿದ್ದಳು. ಮರಿಮಗನ ಮೊದಲನೆಯ ವರ್ಷದ ಆಯುಷ್ಯಹೋಮವೂ ಆ ಮನೆಯಲ್ಲಿಯೇ ಆಗಬೇಕೆಂದು ನಿಶ್ಚಯವಾಗಿತ್ತು. ಆದುದರಿಂದ ಮನೆಗೆ ಬಣ್ಣ ಮಾಡಿಸುವ ಸಂಭ್ರಮ. ಗೋಡೆಗಳ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿದ್ದಿತು. ಬಾಗಿಲುಗಳಲ್ಲಿ ಮಾತ್ರ ಮನಸ್ತಾಪ. ಅತ್ತೆಯವರಿಗೆ ಕಾಫಿಬಣ್ಣವೇ ಆಗಬೇಕು. ಅವರ ಸೊಸೆಗೆ ಅಚ್ಚ ಬಿಳುಪು. “ನೀವೆಲ್ಲ ಊರು ನೋಡಿದವರು, ಬಂದು ಒಂದು ತೀರ್ಮಾನ ಹೇಳಿ ಹೋಗಿ. ಇಲ್ಲದಿದ್ದರೆ ಹಬ್ಬ ಬಂದರೂ ಬಾಗಿಲು ಹೀಗೆಯೇ ಇರುತ್ತದೆ” ಎಂದು ಅತ್ತೆಯವರು ದೂರವಾಣಿಯಲ್ಲಿ ಅಪ್ಪಣೆಮಾಡಿದರು.

೨೦೨೩ರಲ್ಲಿ ತೆರೆದ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಪ್ರಯಾಣಿಕನನ್ನು ನೇರವಾಗಿ ಮೈಸೂರಿಗೆ ಒಯ್ಯುತ್ತದೆ. ಅವಸರವುಳ್ಳವರಿಗೆ ಅದು ಅನುಕೂಲವೇ ಸರಿ. ನಮಗಾದರೋ ದಾರಿಯಲ್ಲಿ ನೋಡತಕ್ಕದ್ದಿದ್ದುದರಿಂದ, ಊರೂರಿಗೂ ನಿಲ್ಲುವ ರೈಲನ್ನೇ ಹಿಡಿದೆವು. ಮೊದಲು ಚನ್ನಪಟ್ಟಣದಲ್ಲಿ ಇಳಿದೆವು.

ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಕಾಣದ ಕನ್ನಡ ಮನೆ ವಿರಳ. ಆದರೆ ಆ ಬಣ್ಣವು ಮರಕ್ಕೆ ಹತ್ತುವ ಬಗೆಯನ್ನು ಕಣ್ಣಾರೆ ಕಂಡವರು ಅಷ್ಟು ಮಂದಿಯಿರಲಾರರು. ಅಲ್ಲಿ ಕುಂಚವಿಲ್ಲ, ಡಬ್ಬಿಯಿಲ್ಲ, ಒಣಗುವವರೆಗೆ ಕಾಯುವುದೂ ಇಲ್ಲ. ಆಲೆಮರದ ಬಿಳಿಯ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿಯಿಂದ ಅದಕ್ಕೆ ರೂಪು ಕೊಟ್ಟ ತರುವಾಯ, ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರದ ಮೈಯನ್ನೆಲ್ಲ ತಬ್ಬಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿಯ ತುಂಡನ್ನು ಒತ್ತಿ ಹಿಡಿದರೆ ಕನ್ನಡಿಯಂತಹ ಹೊಳಪು ಬರುತ್ತದೆ. ಅರಗೆಂಬುದು ಮುತ್ತುಗ, ಬೋರೆ, ಜಾಲಾರಿ ಮುಂತಾದ ಮರಗಳ ಎಳೆಯ ಕೊಂಬೆಗಳಲ್ಲಿ ಒಂದು ಸಣ್ಣ ಕೀಟವು ತನ್ನ ರಕ್ಷಣೆಗಾಗಿ ಸುರಿಸುವ ಗಟ್ಟಿ ರಸ. ಅದಕ್ಕೆ ಅರಿಸಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣಗಳನ್ನು ಸೇರಿಸುವ ಕುಶಲಿಗಳು ಅಲ್ಲಿದ್ದಾರೆ.

ಹಾಗೆ ಕೆಲಸ ಮಾಡುತ್ತಿದ್ದ ಒಬ್ಬ ವೃದ್ಧ ಕುಶಲಿಯನ್ನು ನಾವು, “ಅಂಗಡಿಯ ಬಣ್ಣ ತಂದು ಬಳಿದರೆ ಕೆಲಸ ಹಗುರವಲ್ಲವೆ ಯಜಮಾನರೆ?” ಎಂದು ಕೇಳಿದೆವು. ಆತನು ಚರಕಿಯನ್ನು ನಿಲ್ಲಿಸದೆಯೇ, “ಹಗುರವೇನೋ ಹೌದು ಸ್ವಾಮಿ. ಆದರೆ ಮಗು ಗಿಲಕಿಯನ್ನು ನೋಡುವುದಕ್ಕೆ ಮುಂಚೆ ಬಾಯಿಗೆ ಇಟ್ಟುಕೊಳ್ಳುತ್ತದಲ್ಲ” ಎಂದನು. ಆ ಮಾತು ನಮ್ಮೊಡನೆ ಮೈಸೂರಿನವರೆಗೂ ಬಂದಿತು.

ಅರಗಿನ ಹೊಳಪು ಇಷ್ಟು ಚೆನ್ನಾಗಿರುವಾಗ ಬಾಗಿಲುಗಳಿಗೂ ಅದನ್ನೇ ಏಕೆ ಹಚ್ಚಬಾರದೆಂದು ವಾಚಕರು ಕೇಳಬಹುದು. ಹಚ್ಚುವುದುಂಟು. ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಮರಕ್ಕೆ ತೀಡುವುದೇ ಬಡಗಿಗಳು ಹೇಳುವ ಫ್ರೆಂಚ್ ಪಾಲಿಷು. ಮರದ ಎಳೆಯನ್ನು ಅದರಷ್ಟು ಅಂದವಾಗಿ ತೋರಿಸುವ ಲೇಪನವು ಬೇರೊಂದಿಲ್ಲ. ಆದರೆ ಬಿಸಿ ತಾಗಿದರೆ ಅದು ಮೆತ್ತಗಾಗುವುದು. ನೀರು ನಿಂತರೆ ಬೆಳ್ಳಗೆ ಮಚ್ಚೆ ಬೀಳುವುದು. ಆದುದರಿಂದ ಅದು ಬೀರುವಿಗೆ, ತೊಟ್ಟಿಲಿಗೆ ತಕ್ಕುದು. ಬಚ್ಚಲಮನೆಯ ಬಾಗಿಲಿಗಾಗಲಿ ಅಡಿಗೆಮನೆಯ ಬಾಗಿಲಿಗಾಗಲಿ ತಕ್ಕುದಲ್ಲ.

ಅಲ್ಲಿಂದ ಮುಂದಿನ ರೈಲು ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿದೆವು. ಕೋಟೆಯ ಹೊರಗೆ, ಪೂರ್ವದಿಕ್ಕಿಗೆ, ತೋಟದ ನಡುವೆ ದರಿಯಾ ದೌಲತ್ ಅರಮನೆಯಿದೆ. ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಈ ಬೇಸಗೆಯ ಮನೆಯಲ್ಲಿ ಬಣ್ಣವಿಲ್ಲದ ಸ್ಥಳವನ್ನು ಹುಡುಕಿ ಕಾಣಬೇಕು. ಗೋಡೆ, ತೇಗದ ಕಂಬ, ಕಮಾನು, ಮೇಲ್ಛಾವಣಿ ಎಲ್ಲವೂ ಹೂಬಳ್ಳಿಗಳಿಂದ ತುಂಬಿವೆ. ಪಶ್ಚಿಮದ ಗೋಡೆಯಲ್ಲಿ ೧೭೮೦ರ ಪೊಳ್ಳಿಲೂರಿನ ಯುದ್ಧದ ಚಿತ್ರವು ಹರಡಿಕೊಂಡಿದೆ. ಅದನ್ನು ಒಮ್ಮೆ ಸುಣ್ಣದಿಂದ ಮುಚ್ಚಿದ್ದೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಪುನಃ ಬರೆಸಿದ್ದೂ ಉಂಟು. ಈಗ ಆ ಬಣ್ಣಗಳಿಗೆ ಬಿಸಿಲು ತಾಗದಂತೆ ಸುತ್ತಲೂ ಹಸಿರು ತೆರೆಗಳನ್ನು ಇಳಿಬಿಟ್ಟಿದ್ದಾರೆ. ನೋಡುವವರ ಕೈ ತಾಗದಂತೆಯೂ ಎಚ್ಚರವಹಿಸಿದ್ದಾರೆ. ಕೇವಲ ಕಣ್ಣಿಗಾಗಿ ಹಾಕಿದ ಬಣ್ಣವು ಉಳಿಯಬೇಕಾದರೆ ಇಷ್ಟೆಲ್ಲ ಕಾವಲು ಬೇಕು. ನಮ್ಮ ನಿಮ್ಮ ಮನೆಗಳಲ್ಲಿ ಬಾಗಿಲಿಗೆ ಯಾರು ಕಾವಲು ನಿಲ್ಲುವರು?

ಸಾಯಂಕಾಲಕ್ಕೆ ಮೈಸೂರು ಸೇರಿದೆವು. ಮಾರನೆಯ ದಿನ ಬೆಳಗ್ಗೆ, ತೀರ್ಮಾನ ಹೇಳುವುದಕ್ಕೆ ಮುಂಚೆ, ಅತ್ತೆಯವರನ್ನೂ ಅವರ ಸೊಸೆಯನ್ನೂ ಜೊತೆಗೂಡಿಸಿಕೊಂಡು ಅರಮನೆಗೆ ಹೋದೆವು. ಹುಟ್ಟಿದಂದಿನಿಂದ ಅದೇ ಊರಿನಲ್ಲಿರುವ ಅತ್ತೆಯವರು, “ಅರಮನೆಯಲ್ಲಿ ನನಗೆ ತೋರಿಸುವುದೇನಿದೆ?” ಎಂದರು. ಬಾಗಿಲುಗಳನ್ನು ಮಾತ್ರ ನೋಡಿ ಬರೋಣವೆಂದು ನಾವು ವಿಜ್ಞಾಪಿಸಿದೆವು.

ಹಿಂದಿನ ಮರದ ಅರಮನೆಯು ೧೮೯೭ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಅರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಕಟ್ಟಿ ೧೯೧೨ರಲ್ಲಿ ಮುಗಿಸಿದ ಕಟ್ಟಡವಿದು. ಅಂಬಾವಿಲಾಸದ ಬಳಿ ಬೀಟೆಮರದಲ್ಲಿ ಕೊರೆದು ದಂತವನ್ನು ಕೂಡಿಸಿದ ಕದಗಳಿವೆ; ಬೆಳ್ಳಿಯ ಕದಗಳೂ ಇವೆ. ಅವುಗಳಿಗೆ ಬಣ್ಣವಿಲ್ಲ. ಕಲ್ಯಾಣಮಂಟಪಕ್ಕೆ ಬಂದರೆ, ಗ್ಲಾಸ್ಗೋ ನಗರದಲ್ಲಿ ಎರಕಹೊಯ್ದು ತಂದ ಕಬ್ಬಿಣದ ಕಂಬಗಳು. ಅವುಗಳಿಗೆ ಅಡಿಯಿಂದ ಮುಡಿಯವರೆಗೆ ನವಿಲಿಗೊಪ್ಪುವ ಬಣ್ಣ, ಅದರ ಮೇಲೆ ಚಿನ್ನದ ಗೆರೆ. ಬೀಟೆ ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲದು; ಕಬ್ಬಿಣವು ಬಣ್ಣವಿಲ್ಲದಿದ್ದರೆ ತುಕ್ಕು ಹಿಡಿದೀತು. ಅಷ್ಟು ಐಶ್ವರ್ಯವಿದ್ದ ಕಡೆಯಲ್ಲಿಯೂ ಬಣ್ಣವನ್ನು ಬೇಕಾದಲ್ಲಿ ಬಳಿದಿದ್ದಾರೆ, ಬೇಡವಾದಲ್ಲಿ ಬಿಟ್ಟಿದ್ದಾರೆ. ಅತ್ತೆಯವರು ಬಹಳ ಹೊತ್ತು ನೋಡಿ, “ಹಾಗಾದರೆ ದೇವರಮನೆಯ ತೇಗದ ಕದಕ್ಕೆ ಯಾವ ಬಣ್ಣವನ್ನೂ ಹಚ್ಚುವುದು ಬೇಡ” ಎಂದರು. ಮೊದಲನೆಯ ತೀರ್ಮಾನವು ಹೀಗೆ ಅವರ ಬಾಯಿಂದಲೇ ಬಂದಿತು.

ಮೈಸೂರಿಗೂ ಬಣ್ಣಕ್ಕೂ ಇನ್ನೊಂದು ಸಂಬಂಧವುಂಟು. ಕಾಡಿನ ಅರಗನ್ನು ಉಪಯೋಗಕ್ಕೆ ತರಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಇಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ೧೯೮೯ರಿಂದ ಅದಕ್ಕೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು. ೧೯೬೨ರ ಮಹಾ ಚುನಾವಣೆಯಿಂದ ಮೊದಲುಗೊಂಡು ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯು ಅಲ್ಲಿ ತಯಾರಾಗುತ್ತಿದೆ. ಕೈಗೆ ಹತ್ತಬೇಕಾದ ಬಣ್ಣವೂ ಕೈಗೆ ಹತ್ತಬಾರದ ಬಣ್ಣವೂ ಹೀಗೆ ಒಂದೇ ಊರಿನಲ್ಲಿ ಆಗುತ್ತವೆ.

ಮಧ್ಯಾಹ್ನ ಮನೆಗೆ ಬಂದಾಗ ಬಣ್ಣದ ಮೇಸ್ತ್ರಿ ಕಾದಿದ್ದನು. ಮನೆಯ ಬಾಗಿಲುಗಳನ್ನು ಅವನೊಡನೆ ಒಂದೊಂದಾಗಿ ಪರೀಕ್ಷಿಸಿದೆವು. ಕದದ ಅಂಚು ಚೌಕಟ್ಟಿಗೆ ಉಜ್ಜಿ ಸವೆದ ಕಡೆಯಲ್ಲಿ ಪದರ ಪದರವಾಗಿ ಹಳೆಯ ಬಣ್ಣಗಳು ಕಾಣುತ್ತಿದ್ದುವು: ಮೇಲೆ ಕಂದು, ಅದರ ಕೆಳಗೆ ಹಸಿರು, ಅದಕ್ಕೂ ಕೆಳಗೆ ಬಿಳುಪು. ಹೊಸ್ತಿಲಿಗೆ ಮಾತ್ರ ಹೊಳೆಯುವ ಹಳದಿ ಎನಾಮೆಲು. ದಿನವೂ ತೊಳೆದು ಅರಿಸಿನ ಬಳಿಯುವ ಶ್ರಮ ತಪ್ಪಲೆಂದು ಹಲವು ವರ್ಷಗಳ ಹಿಂದೆ ಅದನ್ನು ಬಳಿಸಿ, ಅದರ ಮೇಲೆ ಬಿಳಿಯ ರಂಗೋಲೆಯನ್ನೂ ಬರೆಸಿದ್ದರು. ಅದು ಈಗ ಬಿರುಕುಬಿಟ್ಟು ಹಕ್ಕಳೆಯೇಳುತ್ತಿದ್ದಿತು. “ನಾಳೆ ಬೆಳಗ್ಗೆ ಎಲ್ಲವನ್ನೂ ದೀಪದ ಉರಿಯಿಂದ ಸುಟ್ಟು, ಉಪ್ಪುಕಾಗದ ಹಾಕಿ ಉಜ್ಜಿಬಿಡುತ್ತೇನೆ, ಎರಡೇ ದಿನದಲ್ಲಿ ಹಳೆಯ ಬಣ್ಣದ ಸುಳಿವಿರುವುದಿಲ್ಲ” ಎಂದನು ಮೇಸ್ತ್ರಿ. ಕೂಸು ಬರುವುದಕ್ಕೆ ಮೂರು ವಾರ ಉಳಿದಿದ್ದಿತು. ಅಂಬೆಗಾಲಿಕ್ಕುವ ಮಗುವು ಮನೆಯಲ್ಲಿ ಮೊದಲು ಹಿಡಿದುಕೊಳ್ಳುವುದು ಯಾವುದು? ಹೊಸ್ತಿಲು. ಆಮೇಲೆ ಎದ್ದು ನಿಲ್ಲಲು ಹಿಡಿಯುವುದು ಬಾಗಿಲವಾಡವನ್ನು. ಹಿಡಿದ ಕೈ ಹೋಗುವುದು ಬಾಯಿಗೆ. ಬಿಳುಪೋ ಕಾಫಿಬಣ್ಣವೋ ಎಂಬ ವಿವಾದವನ್ನು ಬದಿಗಿಟ್ಟು, ಮೊದಲು ಈ ವಿಷಯವನ್ನು ಮಾತನಾಡಬೇಕಾಯಿತು.

ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುತ್ತಿದ್ದಿತು. ಸೀಸದ ಬಿಳುಪು ಚೆನ್ನಾಗಿ ಮುಚ್ಚುತ್ತದೆ, ಬಹುಕಾಲ ಬಾಳುತ್ತದೆ. ಸೀಸ ಸೇರಿದ ಹಳದಿ, ಕಿತ್ತಳೆ ಬಣ್ಣಗಳು ಬಹಳ ಉಜ್ವಲವಾಗಿರುತ್ತವೆ. ಆದರೆ ಸೀಸವು ಮೈಗೆ ವಿಷ. ಅದರಲ್ಲಿಯೂ ಎಳೆಯ ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿಯು ಮರಳಿ ಸರಿಯಾಗತಕ್ಕದ್ದಲ್ಲ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಮಗುವಿನ ಮೈ ಹೀರಿಕೊಳ್ಳಬಲ್ಲದು. ಇಷ್ಟರವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಇದನ್ನು ಮೊದಮೊದಲು ಕಂಡುಹಿಡಿದ ಕಥೆಯು ನಮ್ಮಂತೆಯೇ ಬಿಸಿಲುನಾಡಾದ, ನಮ್ಮಂತೆಯೇ ಜಗಲಿಯ ಮನೆಗಳುಳ್ಳ ಕ್ವೀನ್ಸ್‌ಲೆಂಡಿಗೆ ಸೇರಿದುದು. ಆಸ್ಟ್ರೇಲಿಯದ ಆ ಪ್ರಾಂತ್ಯದಲ್ಲಿ, ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಎಂಬವರು, ಮಕ್ಕಳಲ್ಲಿ ಕಾಣುತ್ತಿದ್ದ ಸೀಸದ ವಿಷದ ಮೂಲವನ್ನು ಹುಡುಕುತ್ತ ಹೋಗಿ, ಅದು ಮನೆಯ ಜಗಲಿಯ ಕಟಕಟೆಗೂ ಕೋಣೆಯ ಗೋಡೆಗೂ ಹಚ್ಚಿದ ಬಣ್ಣವೆಂದು ೧೯೦೪ರಲ್ಲಿ ಬರೆದರು. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಕೈಗೆ ಅಂಟುವುದು. ಉಗುರು ಕಡಿಯುವ, ಬೆರಳು ಚೀಪುವ ಮಕ್ಕಳ ಹೊಟ್ಟೆಗೆ ಅದು ಸೇರುವುದು. ಅವರ ಮಾತನ್ನು ಅನೇಕರು ಬೇಗನೆ ನಂಬಲಿಲ್ಲ. ಮಕ್ಕಳ ಕೈಗೆ ಎಟುಕುವಲ್ಲಿ ಸೀಸದ ಬಣ್ಣವನ್ನು ಬಳಿಯಬಾರದೆಂದು ಅಲ್ಲಿ ಕಾನೂನಾದುದು ೧೯೨೨ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, ೧೯೨೧ರಲ್ಲಿ, ಬಣ್ಣ ಬಳಿಯುವ ಕೆಲಸಗಾರರ ರಕ್ಷಣೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಯ ಒಳಗಡೆಗೆ ಸೀಸದ ಬಿಳುಪನ್ನು ನಿಷೇಧಿಸುವ ಒಪ್ಪಂದವನ್ನು ಮಾಡಿದ್ದಿತು. ನಮ್ಮ ದೇಶದಲ್ಲಿ ೨೦೧೬ರಲ್ಲಿ ನಿಯಮವಾಗಿ, ೨೦೧೭ರ ನವೆಂಬರ್ ೧ರಿಂದ ಜಾರಿಗೆ ಬಂದಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಕೂಡದು. ಹೊಸ ಡಬ್ಬಿಯ ಮೇಲೆ ಸೀಸದ ವಿಷಯವಾಗಿ ಬರೆದಿರುವುದನ್ನು ಓದಿ ಕೊಳ್ಳುವ ಅಭ್ಯಾಸವು ಒಳ್ಳೆಯದು. ಆದರೆ ಹಿಂದೆ ಬಳಿದ ಬಣ್ಣವು ಕಾನೂನಾದ ಮಾತ್ರಕ್ಕೆ ಬಾಗಿಲನ್ನು ಬಿಟ್ಟು ಹೋಗುವುದಿಲ್ಲ. ಪರೀಕ್ಷೆಮಾಡಿಸದಿದ್ದ ಪಕ್ಷದಲ್ಲಿ, ಅದಕ್ಕೆ ಮುಂಚಿನ ಬಣ್ಣವೆಲ್ಲ ಸೀಸವುಳ್ಳದ್ದೆಂದೇ ಎಣಿಸಿ ನಡೆಯುವುದು ಕ್ಷೇಮ.

ಇದನ್ನೆಲ್ಲ ಕೇಳಿ ಅತ್ತೆಯವರು ಹೊಸ್ತಿಲನ್ನೇ ನೋಡುತ್ತ ಕುಳಿತರು. “ಇದರ ಮೇಲೆ ನನ್ನ ಮೊಮ್ಮಕ್ಕಳೆಲ್ಲ ಆಡಿ ಬೆಳೆದರಲ್ಲ” ಎಂದರು. ಸೊಸೆಯು, “ಅತ್ತೆ, ಆಗ ಯಾರಿಗೆ ಗೊತ್ತಿತ್ತು? ಈಗ ಮಾಡುವುದನ್ನು ಮಾಡೋಣ” ಎಂದಳು. ಕಾಫಿಬಣ್ಣದ ಪಕ್ಷಕ್ಕೂ ಬಿಳುಪಿನ ಪಕ್ಷಕ್ಕೂ ಇದ್ದ ಮನಸ್ತಾಪವು ಆ ಗಳಿಗೆಯಲ್ಲಿ ಅರ್ಧ ಕರಗಿತು.

ಹಾಗಾದರೆ ಮಾಡತಕ್ಕದ್ದೇನು? ಹಳೆಯ ಬಣ್ಣವನ್ನು ಸುಡಕೂಡದು. ಆ ಹೊಗೆಯಲ್ಲಿ ಸೀಸವಿರುತ್ತದೆ. ಒಣಗಿದ ಮರವನ್ನು ಉಪ್ಪುಕಾಗದದಿಂದ ಉಜ್ಜಕೂಡದು. ಆ ಧೂಳು ಮನೆಯ ಮೂಲೆಮೂಲೆಗೂ ಹರಡಿ, ತಿಂಗಳುಗಟ್ಟಲೆ ನೆಲದ ಮೇಲೆ ಕೂತಿರುತ್ತದೆ. ಬಣ್ಣವು ಮರಕ್ಕೆ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕೀಳುವ ಗೋಜೇ ಬೇಡ. ಸೋಪಿನ ನೀರಿನಿಂದ ತೊಳೆದು, ನೀರು ಸೇರಿಸಿ ಉಜ್ಜುವ ಕಾಗದದಿಂದ ಒದ್ದೆಯಾಗಿಯೇ ಹಗುರವಾಗಿ ತೀಡಿ, ಅದರ ಮೇಲೆ ಹೊಸ ಬಣ್ಣ ಬಳಿದರೆ ಹಳೆಯದು ಒಳಗೇ ಮುಚ್ಚಿಹೋಗುವುದು. ಹಕ್ಕಳೆಯೇಳುವ ಕಡೆಯಲ್ಲಿ ಮಾತ್ರ ನೀರು ಚಿಮುಕಿಸುತ್ತ ಹೆರೆಯಬೇಕು. ನೆಲಕ್ಕೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಉದುರಿದುದನ್ನೆಲ್ಲ ಅದರಲ್ಲಿಯೇ ಸುತ್ತಿ ಚೀಲಕ್ಕೆ ಕಟ್ಟಬೇಕು. ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಎರಡು ಮೂರು ಸಲ ಒರಸಬೇಕು. ಕೆಲಸ ಮಾಡುವವನು ಮೂಗುಬಾಯಿಗೆ ಧೂಳು ತಡೆಯುವ ಮುಸುಕು ಕಟ್ಟಿಕೊಳ್ಳಬೇಕು. ಕೈ ತೊಳೆಯದೆ ಊಟಮಾಡಬಾರದು. ಅದೇ ಬಟ್ಟೆಯಲ್ಲಿ ಹೋಗಿ ತನ್ನ ಮಗುವನ್ನು ಎತ್ತಿಕೊಳ್ಳಬಾರದು. ಕೆಲಸ ಮುಗಿಯುವವರೆಗೆ ಮಕ್ಕಳೂ ಗರ್ಭಿಣಿಯರೂ ಬೇರೆ ಮನೆಯಲ್ಲಿರುವುದು ಲೇಸು. ಹಿಂದೆಂದಾದರೂ ಮಗುವು ಇಂತಹ ಬಣ್ಣವನ್ನು ತಿಂದಿರಬಹುದೆಂಬ ಅನುಮಾನವಿದ್ದರೆ, ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು. ಮೇಸ್ತ್ರಿಯು ಇದನ್ನೆಲ್ಲ ಕೇಳಿ, “ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ ಸ್ವಾಮಿ” ಎಂದನು. ನಾಲ್ಕು ದಿನದ ಕೂಲಿಯನ್ನು ಹೆಚ್ಚಾಗಿ ಕೊಡುವುದಕ್ಕೆ ಮನೆಯವರು ಸಂತೋಷದಿಂದ ಒಪ್ಪಿದರು.

ಇನ್ನು ಬಣ್ಣದ ಆಯ್ಕೆ. ಅಚ್ಚ ಬಿಳುಪಿಗೆ ಎರಡು ಕಷ್ಟಗಳುಂಟು. ಕೈಯ ಗುರುತು ಅದರ ಮೇಲೆ ಬೇಗ ಕಾಣುವುದು ಒಂದು. ಎಣ್ಣೆಯ ಮೂಲದ ಬಿಳಿಯ ಎನಾಮೆಲು ಬೆಳಕು ಕಾಣದ ಕಡೆಯಲ್ಲಿ ಬೇಗನೆ ಹಳದಿಗೆ ತಿರುಗುವುದು ಇನ್ನೊಂದು. ಬಿಸಿಲು ಬೀಳುವ ಬಾಗಿಲು ಬೆಳ್ಳಗೇ ಇದ್ದು, ಉಗ್ರಾಣದ ಬಾಗಿಲು ಹಳದಿಯಾದರೆ ನೋಡುವುದಕ್ಕೆ ಚೆನ್ನಲ್ಲ. ನೀರಿನ ಮೂಲದ ಎನಾಮೆಲಿಗೆ ಈ ದೋಷವಿಲ್ಲ, ವಾಸನೆಯೂ ಕಡಮೆ. ಆದರೆ ಹಳೆಯ ಹೊಳಪಿನ ಬಣ್ಣದ ಮೇಲೆ ಅದನ್ನು ಹಾಗೆಯೇ ಬಳಿದರೆ ಸಿಪ್ಪೆಯಂತೆ ಏಳುವುದು. ಒದ್ದೆಯಾಗಿ ತೀಡಿ ಪ್ರೈಮರು ಕೊಟ್ಟ ಮೇಲೆಯೇ ಬಳಿಯಬೇಕು. ಕಾಫಿಬಣ್ಣವು ಕೊಳೆಯನ್ನು ಮರೆಮಾಡುವುದೇನೋ ನಿಜ. ಆದರೆ ಒಂದೇ ನಡುಮನೆಗೆ ಐದು ಬಾಗಿಲುಗಳಿರುವಾಗ, ಐದೂ ಕಪ್ಪಾಗಿ ನಿಂತರೆ ಗೋಡೆಯು ತುಂಡುತುಂಡಾಗಿ ಕಾಣುವುದು. ತೊಟ್ಟಿಯಿಂದ ಬರುವ ಬೆಳಕನ್ನೂ ಅವು ನುಂಗಿಬಿಡುವುವು. ಬಾಗಿಲುಗಳು ಹೆಚ್ಚಾಗಿದ್ದಲ್ಲಿ ಕದಕ್ಕೂ ಬಾಗಿಲವಾಡಕ್ಕೂ ಗೋಡೆಗೆ ಹತ್ತಿರವಾದ ಬಣ್ಣವೇ ಒಪ್ಪುವುದು. ಒಂದೋ ಎರಡೋ ಇದ್ದಲ್ಲಿ ಗಾಢವಾದ ಬಣ್ಣಕ್ಕೆ ಗಾಂಭೀರ್ಯವುಂಟು.

ಹೊಳಪಿನ ವಿಷಯದಲ್ಲಿಯೂ ಎಚ್ಚರ ಬೇಕು. ಪೂರ್ಣ ಹೊಳಪು ತೊಳೆಯಲು ಸುಲಭ, ಆದರೆ ಮರದ ಒಂದೊಂದು ಗುಳಿಯನ್ನೂ ಎತ್ತಿ ತೋರಿಸುತ್ತದೆ. ಹೊಳಪೇ ಇಲ್ಲದ ಬಣ್ಣ ಕಣ್ಣಿಗೆ ಹಿತ, ಆದರೆ ಎಣ್ಣೆಗೈಯ ಕಲೆಯನ್ನು ಬಿಡುವುದಿಲ್ಲ. ಹಳೆಯ ಮರಕ್ಕೆ ರೇಷ್ಮೆಯಂತಹ ನಡುವಣ ಹೊಳಪೇ ಮೇಲು.

ಅಂಗಡಿಯ ಕಾಗದದ ಮೇಲಿನ ಬೆರಳಗಲದ ಮಾದರಿಯನ್ನು ನೋಡಿ ತೀರ್ಮಾನಿಸುವುದು ಸಲ್ಲದು. ನಾವು ಮೂರು ಬಣ್ಣಗಳ ಸಣ್ಣ ಡಬ್ಬಿಗಳನ್ನು ತರಿಸಿ, ಒಂದಡಿ ಚೌಕದ ಮೂರು ಹಲಗೆಗಳಿಗೆ ಎರಡೆರಡು ಸಲ ಬಳಿಸಿ, ಆಯಾ ಬಾಗಿಲಿನ ಪಕ್ಕದಲ್ಲಿಯೇ ಒರಗಿಸಿ, ಎರಡು ದಿನ ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಮೂರು ಹೊತ್ತಿನಲ್ಲಿಯೂ ನೋಡಿದೆವು. ಕೆಂಪು ಗಾರೆಯ ನೆಲದ ಮೇಲೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ಬಿಳಿಯ ಹಲಗೆಯ ಬುಡವನ್ನೆಲ್ಲ ನಸುಗೆಂಪಾಗಿಸಿತು. ಸೊಸೆಯು ತಾನಾಗಿಯೇ ಅದನ್ನು ಬದಿಗಿಟ್ಟಳು. ಕಾಫಿಬಣ್ಣದ ಹಲಗೆಯು ರಾತ್ರಿಯಲ್ಲಿ ಗುಹೆಯ ಬಾಯಂತೆ ಕಂಡಿತು, ಅತ್ತೆಯವರೂ ನಕ್ಕುಬಿಟ್ಟರು. ಉಳಿದುದು ಬೂದು ಬೆರೆತ ಎಳೆಯ ಹಸಿರು. ಕೆಂಪು ನೆಲದ ಪಕ್ಕದಲ್ಲಿ ಅದು ಹಗಲೂ ರಾತ್ರಿಯೂ ತಂಪಾಗಿ ಕಂಡಿತು. ಹಳೆಯ ಪದರಗಳಲ್ಲಿ ಕಂಡ ಹಸಿರೂ ಅದರ ನೆಂಟನೇ ಎಂದು ಅತ್ತೆಯವರು ಗುರುತಿಸಿದರು. ಅವರು ಮದುವೆಯಾಗಿ ಆ ಮನೆಗೆ ಬಂದಾಗ ಬಾಗಿಲುಗಳು ಹಸಿರಾಗಿದ್ದುವಂತೆ.

ಕೆಲಸ ಮಾಡಿಸುವವರಿಗೆ ಇನ್ನೆರಡು ಮಾತು. ಬಣ್ಣವನ್ನು ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಉತ್ತಮ. ಕದದ ತಲೆಯ ಅಂಚಿಗೂ ತಳದ ಅಂಚಿಗೂ ಬಣ್ಣ ಹತ್ತಿದೆಯೇ ಎಂದು ಬಾಗಿ ನೋಡಬೇಕು. ಅಲ್ಲಿಂದಲೇ ಮರವು ತೇವ ಹೀರಿ ಮಳೆಗಾಲದಲ್ಲಿ ಉಬ್ಬಿ, ಬಾಗಿಲು ಮುಚ್ಚದೆ ತೊಂದರೆ ಕೊಡುವುದು. ಉಜ್ಜುವ ಕದವನ್ನು ಬಡಗಿಯಿಂದ ಮೊದಲು ಸರಿಪಡಿಸಬೇಕು. ಇಲ್ಲದಿದ್ದರೆ ಹೊಸ ಬಣ್ಣದೊಡನೆ ಹಳೆಯದೂ ಪುಡಿಯಾಗಿ ಉದುರುತ್ತಲೇ ಇರುವುದು. ತಿರುಗಣಿಗೂ ಹಿತ್ತಾಳೆಯ ಚಿಲಕಕ್ಕೂ ಬಣ್ಣ ತಾಗಿಸಬಾರದು. ದೇವರಮನೆಯ ತೇಗದ ಕದಕ್ಕೆ ಅಗಸೆಎಣ್ಣೆ ತೀಡಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಅದು ತನ್ನಷ್ಟಕ್ಕೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಬೇಕು.

ಹೊಸ್ತಿಲಿಗೆ ಮಾತ್ರ ಹೊಸ ಬಣ್ಣ ಬೇಡವೆಂದು ಅತ್ತೆಯವರೇ ತೀರ್ಮಾನಿಸಿದರು. ಹಳದಿಯನ್ನು ನೀರು ಚಿಮುಕಿಸಿ ಹೆರೆದು ತೆಗೆದ ಮೇಲೆ ಒಳ್ಳೆಯ ಮತ್ತಿಯ ಮರವು ಕೆಳಗೆ ಕಂಡಿತು. ಮುಂದೆ ಹಿಂದಿನಂತೆಯೇ ದಿನವೂ ಅರಿಸಿನವನ್ನು ಹಚ್ಚುವುದೆಂದಾಯಿತು. ಪುಡಿಗೆ ಸೀಸದ ಹಳದಿಯನ್ನು ಬೆರಸುವ ಕಲಬೆರಕೆಯುಂಟೆಂದು ನಾವು ಹೇಳಿದುದಕ್ಕೆ, “ಕೊಂಬು ತಂದು ತೇಯ್ದರಾಯಿತು, ಕೈಗೆ ಅಷ್ಟು ಕೆಲಸ ಕೊಟ್ಟರೆ ತಪ್ಪೇನು?” ಎಂದರು.

ಹಬ್ಬಕ್ಕೆ ಮುಂಚೆ ಬಣ್ಣ ಮಾಡಿಸುವ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಅಂಗಡಿಗೆ ಹೋಗುವುದಕ್ಕೆ ಮೊದಲು, ಮನೆಯಲ್ಲಿ ಮಗುವಿನ ಎತ್ತರಕ್ಕೆ ಕುಳಿತು ಬಾಗಿಲುಗಳನ್ನು ಒಮ್ಮೆ ನೋಡಿರಿ. ಎಲ್ಲೆಲ್ಲಿ ಕೈಯ ಗುರುತಿದೆ, ಎಲ್ಲೆಲ್ಲಿ ಬಣ್ಣ ಎದ್ದಿದೆ, ಯಾವ ಮರ, ಎಷ್ಟು ಬೆಳಕು ಎಂಬುದನ್ನು ಗುರುತುಹಾಕಿಕೊಳ್ಳಿರಿ. ಆಮೇಲೆ ಕಣ್ಣಿಗೆ ಮೆಚ್ಚಿದ ಬಣ್ಣವನ್ನು ಆರಿಸಿಕೊಳ್ಳಿರಿ. ಅದಕ್ಕೆ ಬೇಕಾದಷ್ಟು ಅವಕಾಶವು ಉಳಿದೇ ಇರುವುದು.